ತೆನೆಯ ಗೆರೆ ಹಿಡಿದು ಕಲಿತ ಗ್ರೇಡಿಂಗ್

ನಾಣ್ಯ ಎಷ್ಟು ಸವೆದಿದೆ ಎಂದು ನೋಡಿ ದರ್ಜೆ ಹಾಕುವ ಗ್ರೇಡಿಂಗ್ ಕಂಪನಿಯಿಂದ ಕಳೆದ ತಿಂಗಳು ನನ್ನ 24 ಅಮೆರಿಕನ್ ಸೆಂಟ್‌ಗಳು ವಾಪಸು ಬಂದವು. ಕಳಿಸುವ ಮೊದಲೇ ಒಂದೊಂದಕ್ಕೂ ನನ್ನ ಗ್ರೇಡ್ ಬರೆದು, ಲಕೋಟೆ ಅಂಟಿಸಿ, ನಮ್ಮ ನಾಣ್ಯ ಸಂಘದ ಹಿರಿಯರೊಬ್ಬರ ಕೈಗೆ ಕೊಟ್ಟಿದ್ದೆ. ಸಭೆಯಲ್ಲಿ ಅವರೇ ಅದನ್ನು ಒಡೆದು ಓದಿದರು. 15 ನಾಣ್ಯಗಳಲ್ಲಿ ನನ್ನ ಗ್ರೇಡ್ ಕಂಪನಿಯದಕ್ಕೆ ಸರಿಯಾಗಿ ಹೊಂದಿತು. ಆರು ಒಂದು ಮೆಟ್ಟಿಲು ಆಚೀಚೆ. ಮೂರಕ್ಕೆ ಉಜ್ಜಿದ ನಾಣ್ಯವೆಂದು ಗ್ರೇಡ್ ಸಿಗಲಿಲ್ಲ. ಅವುಗಳಲ್ಲಿ ಎರಡರ ಮೇಲೆ ನನಗೂ ಅನುಮಾನವಿತ್ತು, ಲಕೋಟೆಯಲ್ಲಿ ಹಾಗೆಂದು ಬರೆದೂ ಇದ್ದೆ. "ಬ್ಯಾಂಕಿನ ಪೆಟ್ಟಿಗೆ ಕೆದಕಿ ಯಾರೂ ಗ್ರೇಡಿಂಗ್ ಕಲಿತಿಲ್ಲ, ಕಂಪನಿ ಗ್ರೇಡ್ ಹಾಕಿ ಸ್ಲ್ಯಾಬ್ ಎಂಬ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿದ್ದನ್ನು ಕೊಂಡು ನೋಡಿ" ಎಂದು ನಾಲ್ಕು ವರ್ಷ ನನಗೆ ಹೇಳಿದವರು ಅವರೇ. ಅಂದು ಹಾಳೆ ಮಡಿಸಿಟ್ಟು, "ನಿಮ್ಮ ಆ ಮಾದರಿ ನಾಣ್ಯಗಳ ಸಾಲನ್ನು ಮುಂದಿನ ಸಲ ತನ್ನಿ" ಎಂದರು. ಕೇಳಿದವರಿಗೆಲ್ಲ ಬಿಡಿಬಿಡಿಯಾಗಿ ಹೇಳುವ ಬದಲು ಇಲ್ಲಿ ಬರೆದುಬಿಡುತ್ತೇನೆ.

ನಾನಿರುವುದು ನ್ಯೂಜೆರ್ಸಿಯ ಎಡಿಸನ್‌ನಲ್ಲಿ. ಬ್ಯಾಂಕಿನಿಂದ 25 ಡಾಲರಿನ ಪೆಟ್ಟಿಗೆ ತರುತ್ತಿದ್ದೆ. 50 ಸುರುಳಿ, 2,500 ಸೆಂಟ್. ನಾಲ್ಕು ವರ್ಷಗಳಲ್ಲಿ ಅರವತ್ತರ ಹತ್ತಿರ ಪೆಟ್ಟಿಗೆ ಒಡೆದಿರಬೇಕು. ಮುಂದೆ ಲಿಂಕನ್, ಹಿಂದೆ ಗೋಧಿ ತೆನೆ ಇರುವ 1958ರವರೆಗಿನ ಸೆಂಟ್ ಪೆಟ್ಟಿಗೆಗೆ ಏಳೋ ಎಂಟೋ ಸಿಗುತ್ತಿದ್ದವು, ಒಟ್ಟು 450 ಎಂದಿಟ್ಟುಕೊಳ್ಳಿ. ಅದಕ್ಕೂ ಹಿಂದಿನ ಇಂಡಿಯನ್ ಹೆಡ್ ಸೆಂಟ್ ಸಿಕ್ಕಿದ್ದು ಎರಡೇ ಎರಡು. ಒಂದು ಬ್ಯಾಂಕಿನ ಕೌಂಟರಿನಲ್ಲಿ ಮೂರನೆಯ ತಿಂಗಳಿಗೇ ಮುಖ ತಿರುಗಿಸಿದರು. ತಂದಲ್ಲೇ ಮರಳಿಸಬಾರದು ಎಂಬುದು ಅಂದು ಗೊತ್ತಾಯಿತು. ತರುವ ಬ್ಯಾಂಕು ಒಂದು, ತುಂಬುವ ಬ್ಯಾಂಕು ಇನ್ನೊಂದು. ಯಾವ ದಿನ ಹೋದರೆ ಮನೆಗಳ ಹಳೆಯ ಡಬ್ಬಿಗಳಿಂದ ಬಂದ ಸುರುಳಿ ಸಿಗುತ್ತದೆ ಎಂಬ ಲೆಕ್ಕ ನನ್ನ ಬಳಿ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ಕಳೆದುಕೊಂಡದ್ದನ್ನು ಮೊದಲು ಹೇಳಬೇಕು. ಪೆಟ್ಟಿಗೆಯಲ್ಲಿ ಸಿಕ್ಕ ಮೊದಲ ಇಂಡಿಯನ್ ಹೆಡ್ 1897ರದು, ಕಪ್ಪಗೆ ಮಸುಕಾಗಿತ್ತು. ಊರಿನಲ್ಲಿ ಅಮ್ಮ ತಾಮ್ರದ ಚೊಂಬಿಗೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದುದು ಕಣ್ಣಲ್ಲಿತ್ತು. ನಾನೂ ಹಚ್ಚಿದೆ. ಎರಡೇ ನಿಮಿಷ. ನೂರಕ್ಕೂ ಹೆಚ್ಚು ವರ್ಷ ಕೂತ ಕಂದು ಬಣ್ಣ ತೊಳೆದುಹೋಗಿ, ಹಕ್ಕಳೆ ಕಿತ್ತ ಗಾಯದ ಹಾಗೆ ಗುಲಾಬಿ ಬಣ್ಣ ಎದ್ದಿತು. ಆ ನಾಣ್ಯ ಇವತ್ತಿಗೂ ನನ್ನ ಮೇಜಿನ ಮೇಲಿದೆ. ತಿಕ್ಕಿದ ತಾಮ್ರ ಹೇಗಿರುತ್ತದೆ ಎಂದು ತೋರಿಸಲು ಅದಕ್ಕಿಂತ ಒಳ್ಳೆಯ ಮಾದರಿ ಸಿಗುವುದಿಲ್ಲ.

ಎರಡನೆಯ ಪೆಟ್ಟು 140 ಡಾಲರಿನದು. ಒಂದು ಮೇಳದಲ್ಲಿ 1914-ಡಿ, ಅಂದರೆ ಡೆನ್ವರ್ ಟಂಕಸಾಲೆಯ ಅಪರೂಪದ ಸೆಂಟ್, ಕೊಂಡೆ. ಮನೆಗೆ ಬಂದು ಹತ್ತುಪಟ್ಟಿನ ಮಸೂರದಡಿ ಹಿಡಿದರೆ ಲಿಂಕನ್ ಭುಜದ ಕತ್ತರಿಕೆಯಲ್ಲಿ ವಿ.ಡಿ.ಬಿ. ಎಂಬ ಮೂರು ಪುಟ್ಟ ಅಕ್ಷರ! ಈ ಸೆಂಟನ್ನು ರೂಪಿಸಿದ ಶಿಲ್ಪಿ ಬ್ರೆನರ್‌ನ ಹೆಸರಿನ ಆ ಅಕ್ಷರಗಳನ್ನು 1909ರಲ್ಲೇ ಹಿಂಬದಿಯಿಂದ ತೆಗೆದು, ಭುಜದ ಮೇಲೆ ಮತ್ತೆ ಕೂರಿಸಿದ್ದು 1918ರಲ್ಲಿ. 1914ರ ನಾಣ್ಯದಲ್ಲಿ ಅವು ಇರಲು ಸಾಧ್ಯವೇ ಇಲ್ಲ. 1944-ಡಿಯ ಇಸವಿಯಲ್ಲಿನ ಮೊದಲ 4 ಅನ್ನು ಅರದಿಂದ ಉಜ್ಜಿ 1 ಮಾಡಿದ್ದರು. 9 ಮತ್ತು 1ರ ನಡುವೆ ಅಂತರ ಜಾಸ್ತಿ ಇತ್ತು, ನಾನು ನೋಡಿರಲಿಲ್ಲ. ಮಾರಿದವನು ಮುಂದಿನ ಮೇಳದಲ್ಲಿ ಕಾಣಿಸಲಿಲ್ಲ. ಇದರ ಮೇಲೆ ಮೆತ್ತನೆಯ ಪಿವಿಸಿ ಚೀಲದಲ್ಲಿಟ್ಟ ಮೂವತ್ತು ಚಿಲ್ಲರೆ ನಾಣ್ಯಗಳಿಗೆ ಒಂದೇ ಬೇಸಿಗೆಯಲ್ಲಿ ಹಸಿರು ಜಿಗಟು ಹತ್ತಿತು. ಅಸಿಟೋನ್‌ನಲ್ಲಿ ಅದ್ದಿ ಅರ್ಧದಷ್ಟನ್ನು ಉಳಿಸಿಕೊಂಡೆ.

ಇಷ್ಟಾದ ಮೇಲೆ ಚಿತ್ರ ನೋಡಿ ಗ್ರೇಡ್ ಹಾಕುವುದನ್ನು ಬಿಟ್ಟೆ. ಅಚ್ಚಿನ ಚಿತ್ರದಲ್ಲಿ ಹೊಳಪು ಬರುವುದಿಲ್ಲ, ಮೊಬೈಲಿನಲ್ಲಿ ಬಂದರೂ ನಂಬುವ ಹಾಗಿಲ್ಲ. ನನ್ನದೇ ನಾಣ್ಯಗಳಿಂದ ಒಂದು ಮಾದರಿ ಸಾಲು ಕಟ್ಟಲು ಕೂತೆ. ತೀರಾ ಸವೆದ ಜಿ 4ರಿಂದ ಚಲಾವಣೆಯ ಸವೆತವೇ ಇಲ್ಲದ ಎಂಎಸ್ 65ರವರೆಗೆ ಹನ್ನೊಂದು ಜಾಗ. ಸವೆತ ಕಡಿಮೆಯಾದಂತೆ ನಡುವೆ ವಿಜಿ, ಎಫ್, ವಿಎಫ್, ಇಎಫ್, ಎಯು ಬರುತ್ತವೆ. ಒಂದೇ ಇಸವಿಯಲ್ಲಿ ಸಾಲು ತುಂಬುವುದಿಲ್ಲ, ಇದನ್ನು ಗಮನಿಸಿ. 1944ರಲ್ಲಿ ಬೋಳಾಗುವಷ್ಟು ಸವೆದದ್ದು ಸಿಗುವುದಿಲ್ಲ, 1919ರಲ್ಲಿ ಹೊಸದು ಪೆಟ್ಟಿಗೆಯಲ್ಲಿ ಸಿಗುವುದಿಲ್ಲ. ಕೆಳಗಿನ ಐದಕ್ಕೆ 1919 ಮತ್ತು 1920, ಮೇಲಿನ ಆರಕ್ಕೆ 1944, ಎಲ್ಲವೂ ಫಿಲಡೆಲ್ಫಿಯಾ ಟಂಕಸಾಲೆಯವು. ಮೇಲಿನ ಮೂರನ್ನು ಮಾತ್ರ ದುಡ್ಡು ಕೊಟ್ಟು ತಂದೆ, ಎಲ್ಲ ಸೇರಿ ಮೂವತ್ತು ಡಾಲರೂ ಆಗಲಿಲ್ಲ.

ಸವೆದ ನಾಣ್ಯಕ್ಕೆ ನಾನು ಮೊದಲು ನೋಡುವುದು ಹಿಂಬದಿಯ ತೆನೆಯನ್ನು. ಉದ್ದ ಗೆರೆಗಳು ಅರ್ಧದಷ್ಟು ನಿಂತಿದ್ದರೆ ವಿಜಿ, ಮಸುಕಾಗಿಯಾದರೂ ಪೂರ್ತಿ ಓದಲು ಬಂದರೆ ಎಫ್. ಮೇಲಕ್ಕೆ ಹೋದಂತೆ ಕಣ್ಣು ಮುಂಬದಿಯ ಕೆನ್ನೆಯೆಲುಬು ಮತ್ತು ದವಡೆಗೆ ಬರಬೇಕು. ಅತ್ಯಂತ ಕಷ್ಟದ್ದು 1920ರ ದಶಕದ ಡಿ (ಡೆನ್ವರ್) ಮತ್ತು ಎಸ್ (ಸ್ಯಾನ್ ಫ್ರಾನ್ಸಿಸ್ಕೊ) ನಾಣ್ಯಗಳು. ಅಚ್ಚೊತ್ತುವಾಗಲೇ ಪೆಟ್ಟು ಸರಿಯಾಗಿ ಬೀಳದೆ ತೆನೆ ಬೋಳಾಗಿರುತ್ತದೆ, ಸವೆದದ್ದೆಂದು ಕೈಬಿಡುತ್ತೇವೆ. 1925-ಎಸ್ ಒಂದನ್ನು ನಾನು ಹೀಗೆಯೇ ಅಗ್ಗಕ್ಕೆ ಕೊಟ್ಟು ಕಳೆದುಕೊಂಡೆ. ಈಗ ದೀಪದಡಿ ನಾಣ್ಯವನ್ನು ಓರೆಯಾಗಿ ಹಿಡಿದು ಮೆಲ್ಲಗೆ ತಿರುಗಿಸುತ್ತೇನೆ. ಬೆಳಕಿನ ಪಟ್ಟೆ ಗಡಿಯಾರದ ಮುಳ್ಳಿನಂತೆ ಸುತ್ತುತ್ತಾ ಬಂದು ಕೆನ್ನೆಯ ಮೇಲೂ ಕಡಿಯದೆ ಹಾದು ಹೋದರೆ ಅದು ಅಚ್ಚಿನ ದೋಷ. ಕೆನ್ನೆಯ ಬಳಿ ಪಟ್ಟೆ ಕಡಿದು, ಅಲ್ಲಿ ಬೂದಿಗಂದು ಬಣ್ಣ ಕೂತಿದ್ದರೆ ಅದು ಸವೆತ, ಎಯುಗಿಂತ ಮೇಲೆ ಕೇಳಬೇಡಿ. ದೀಪ ಒಂದೇ ಇರಬೇಕು, ಜಾಗ ಬದಲಾಗಬಾರದು. ಅದನ್ನು ಯಾವ ಎತ್ತರದಲ್ಲಿ, ಯಾವ ಕೋನದಲ್ಲಿ ಇಟ್ಟಿದ್ದೇನೆಂದು ನಾನು ಹೇಳುವುದಿಲ್ಲ. ಅದಕ್ಕೇ ಎಂಟು ತಿಂಗಳು ಹೋಗಿದೆ.

ಫಲ ಕೊಟ್ಟದ್ದು ಸಾಲು ಒಂದೇ ಅಲ್ಲ, ಎರಡು ಸಲ ನೋಡುವ ಕ್ರಮ. ಗ್ರೇಡನ್ನು ರಟ್ಟಿನ ಹೋಲ್ಡರಿನ ಹಿಂದೆ ಬರೆದು ಕಾಗದ ಅಂಟಿಸಿ ಮುಚ್ಚುತ್ತೇನೆ. ತಿಂಗಳ ನಂತರ ಬೆರೆಸಿ, ಹೊಸದಾಗಿ ನೋಡುತ್ತೇನೆ. ಮೊದಲ ವರ್ಷ ನನ್ನ ಗ್ರೇಡ್ ನನ್ನದೇ ಗ್ರೇಡಿಗೆ ಹೊಂದುತ್ತಿದ್ದುದು ಅರ್ಧಕ್ಕೂ ಕಡಿಮೆ. ರಾತ್ರಿ ಹತ್ತರ ನಂತರ ನೋಡಿದವೆಲ್ಲ ಒಂದು ಮೆಟ್ಟಿಲು ಮೇಲೇ ಇರುತ್ತಿದ್ದವು. ಈಗ ರಾತ್ರಿ ನೋಡುವುದಿಲ್ಲ. ಮೂರನೆಯ ವರ್ಷಕ್ಕೆ ಹತ್ತರಲ್ಲಿ ಎಂಟು ಹೊಂದತೊಡಗಿದವು. ಆಗಲೇ ಕಂಪನಿಗೆ ಕಳಿಸುವ ಧೈರ್ಯ ಬಂದದ್ದು.

ನಡುವೆ ಬೇರೆ ಪ್ರಯೋಗಗಳೂ ನಡೆದವು. ಕೊಳೆ ಬಿಡಿಸಲು ಆಲಿವ್ ಎಣ್ಣೆಯಲ್ಲಿ ನೆನೆಹಾಕುವವರನ್ನು ಕಂಡು ನಾನು ಕೊಬ್ಬರಿ ಎಣ್ಣೆಯಲ್ಲಿ ಹತ್ತು ನಾಣ್ಯ ಇಟ್ಟೆ. ಚಳಿಗೆ ಗಟ್ಟಿಯಾಯಿತು, ಎರಡು ತಿಂಗಳಿಗೆ ಎಣ್ಣೆಯೇ ತಿಳಿ ಹಸಿರಾಯಿತು. ತಾಮ್ರ ಎಣ್ಣೆಗಿಳಿಯುತ್ತಿದೆ ಎಂದು ತೆಗೆದುಬಿಟ್ಟೆ. ಇನ್ನೊಂದು 1982ರ ನಾಣ್ಯಗಳದು. ಆ ವರ್ಷದ ನಡುವೆ ತಾಮ್ರ ಹೋಗಿ ಸತು ಬಂತು, ತೂಕ 3.11 ಗ್ರಾಮಿನಿಂದ 2.5ಕ್ಕೆ ಇಳಿಯಿತು. ತಕ್ಕಡಿಯ ಬದಲು ಅಡುಗೆಮನೆಯ ಗ್ರಾನೈಟ್ ಮೇಲೆ ಬೀಳಿಸಿ ನೋಡಿದೆವು. ತಾಮ್ರ ಠಣ್ಣೆಂದು ಎಳೆಯುತ್ತದೆ, ಸತು ಟಕ್ಕೆಂದು ನಿಲ್ಲುತ್ತದೆ. ಮಗಳು ಪಕ್ಕದ ಕೋಣೆಯಲ್ಲಿ ಕೂತು ನೂರರಲ್ಲಿ ಎರಡನ್ನು ಮಾತ್ರ ತಪ್ಪು ಹೇಳಿದಳು. ಹೆಸರಾದ ನಾಣ್ಯವನ್ನು ಹಾಗೆ ಬೀಳಿಸಬೇಡಿ, ಅಂಚು ಜಜ್ಜುತ್ತದೆ.

ಹಣದ ಲೆಕ್ಕ. ಶುಲ್ಕ, ಅಂಚೆ, ವಿಮೆ ಸೇರಿ ಆ 24ಕ್ಕೆ ಹತ್ತಿರ ಹತ್ತಿರ 700 ಡಾಲರ್ ಆಯಿತು. ಹೆಚ್ಚಿನವು ಶುಲ್ಕದಷ್ಟೂ ಬಾಳುವುದಿಲ್ಲ, ಅವನ್ನು ಕಳಿಸಿದ್ದು ನನ್ನ ಕಣ್ಣಿನ ಪರೀಕ್ಷೆಗೆ. ಆದರೆ ಅವುಗಳಲ್ಲಿ ಒಂದು 1914-ಡಿ ಇತ್ತು, ಈ ಸಲ ಅಸಲಿ. ಮಾರುವವರು ಅದನ್ನು ವಿಎಫ್ ಎಂದು 240 ಡಾಲರಿಗೆ ಇಟ್ಟಿದ್ದರು. ಭುಜ ನೋಡಿದೆ, 9 ಮತ್ತು 1ರ ಅಂತರ ನೋಡಿದೆ, ತೆನೆ ನೋಡಿದೆ, ಚೌಕಾಸಿ ಮಾಡದೆ ಕೊಟ್ಟು ತಂದೆ. ಲಕೋಟೆಯಲ್ಲಿ ಇಎಫ್ 40 ಎಂದು ಬರೆದಿದ್ದೆ. ಕಂಪನಿಯೂ ಅದನ್ನೇ ಕೊಟ್ಟಿತು. ಸಂಘದಲ್ಲೇ 500ರ ಆಸುಪಾಸಿಗೆ ಹೋಯಿತು.

2025ರ ನವೆಂಬರ್ 12ರಂದು ಫಿಲಡೆಲ್ಫಿಯಾದಲ್ಲಿ ಚಲಾವಣೆಯ ಕೊನೆಯ ಸೆಂಟ್ ಅಚ್ಚಾಯಿತು. ನನ್ನ ಬ್ಯಾಂಕಿನಲ್ಲಿ ಈಗ ಪೆಟ್ಟಿಗೆ ಕೇಳಿದರೆ ನಾಲ್ಕು ಸುರುಳಿ ಕೊಡುತ್ತಾರೆ. ಸಾಲು ಕಟ್ಟುವ ಮನಸ್ಸಿದ್ದರೆ ಈ ವರ್ಷವೇ ಕೂತುಕೊಳ್ಳಿ. ನಾನು ಇಂಡಿಯನ್ ಹೆಡ್ ಸಾಲಿಗೆ ಕೈ ಹಾಕಿದ್ದೇನೆ. ತಲೆಪಟ್ಟಿಯ ಲಿಬರ್ಟಿ ಪದದ ಏಳೂ ಅಕ್ಷರ ಮಸುಕಾಗಿಯಾದರೂ ನಿಂತಿರುವ, ಯಾರೂ ತಿಕ್ಕದ ಒಂದು ಎಫ್ 12 ಬೇಕು. ಆ ಜಾಗ ಇನ್ನೂ ಖಾಲಿ ಇದೆ.