ಬಣ್ಣ ನೋಡಿದರೆ ಸಾಲದು, ಬೆಳಕು ಬದಲಿಸಿ ನೋಡಿ: ಹಳೆಯ ಗಾಜನ್ನು ಗುರುತಿಸುವುದು ಹೇಗೆ?

ಹಸಿರು ಗಾಜಿನ ಬಟ್ಟಲೊಂದು ಕೈಗೆ ಸಿಕ್ಕಿದೆ ಎಂದುಕೊಳ್ಳಿ. ಆ ಹಸಿರು ಕಬ್ಬಿಣದಿಂದ ಬಂದಿರಬಹುದು, ಕ್ರೋಮಿಯಂನಿಂದ ಬಂದಿರಬಹುದು, ಯುರೇನಿಯಂನಿಂದಲೂ ಬಂದಿರಬಹುದು. ಕೆಂಪು ಗಾಜಿನ ಹಿಂದೆ ಚಿನ್ನ, ತಾಮ್ರ, ಸೆಲೆನಿಯಂ ಯಾವುದಾದರೂ ಇದ್ದೀತು. ಹಾಗಾಗಿ ‘ಇದು ಯಾವ ಬಣ್ಣ?’ ಎಂದಷ್ಟೇ ಕೇಳಿ ಸಂಗ್ರಹಕಾರರು ನಿಲ್ಲಿಸಬಾರದು. ಬೆಳಕು ಬದಲಾದಾಗ ಆ ಬಣ್ಣ ಹೇಗೆ ಬದಲಾಗುತ್ತದೆ ಎಂಬುದರಲ್ಲಿಯೇ ಗಾಜಿನ ಗುರುತು ಅಡಗಿದೆ.

ಇದಕ್ಕೆ ಬೇಕಾದದ್ದು ಒಂದು ಬಿಳಿ ಹಾಳೆ, ಸಾಮಾನ್ಯ ಟಾರ್ಚ್, ಹಳೆಯ ಮಾದರಿಯ ತಂತಿ ಬಲ್ಬ್, ಟ್ಯೂಬ್‌ಲೈಟ್ ಮತ್ತು ನೇರಳಾತೀತ ಟಾರ್ಚ್. ಮೊದಲು ಗಾಜನ್ನು ಉಗುರುಬೆಚ್ಚಗಿನ ನೀರಿನಲ್ಲಿ ಮೃದುವಾದ ಸೋಪು ಹಾಕಿ ತೊಳೆಯಿರಿ. ಬಿಸಿನೀರು ಬೇಡ, ಹಳೆಯ ಗಾಜು ಬಿರುಕು ಬಿಡಬಹುದು. ಮೇಲ್ಮೈ ಮಿನುಗುತ್ತಿದ್ದರೆ ಒರಟು ಬ್ರಷ್ ತಾಗಿಸಲೇಬೇಡಿ.

ಹಗಲು ಬೆಳಕಿನಲ್ಲಿ

ಕಿಟಕಿಯ ಬಳಿ, ನೇರ ಬಿಸಿಲು ಬೀಳದ ಕಡೆ, ಬಿಳಿ ಹಾಳೆಯ ಮೇಲೆ ಗಾಜನ್ನು ಇಡಿ. ಬಣ್ಣ ಇಡೀ ಗಾಜಿನಲ್ಲಿ ಬೆರೆತಿದೆಯೇ, ಮೇಲ್ಪದರದಲ್ಲಿ ಮಾತ್ರ ಇದೆಯೇ ನೋಡಿ. ಅಂಚು ಮತ್ತು ಕೆತ್ತಿದ ಭಾಗಗಳು ಇದನ್ನು ಹೇಳುತ್ತವೆ. ಕೆತ್ತಿದಲ್ಲಿ ಬಣ್ಣವಿಲ್ಲದ ಗಾಜು ಕಂಡರೆ, ತಿಳಿ ಗಾಜಿನ ಮೇಲೆ ಬಣ್ಣದ ಪದರವನ್ನೋ ಲೇಪವನ್ನೋ ಕೊಟ್ಟಿದ್ದಾರೆ ಎಂದರ್ಥ.

ಒಂದು ತುದಿಯಿಂದ ಇನ್ನೊಂದಕ್ಕೆ ಬಣ್ಣ ಬದಲಾಗುವ ಗಾಜುಗಳನ್ನು ಇಲ್ಲಿಯೇ ಪರೀಕ್ಷಿಸಬೇಕು. ಅಮೆರಿಕದಲ್ಲಿ 1883ರಲ್ಲಿ ಪೇಟೆಂಟ್ ಪಡೆದ ಅಂಬರೀನಾ ಜೇನು ಬಣ್ಣದಿಂದ ಮಾಣಿಕ್ಯದ ಕೆಂಪಿಗೆ ಸಾಗುತ್ತದೆ. 1885ರಲ್ಲಿ ಮೌಂಟ್ ವಾಷಿಂಗ್ಟನ್ ಕಂಪನಿ ಪೇಟೆಂಟ್ ಪಡೆದ ಬರ್ಮೀಸ್ ಗಾಜು ತಿಳಿಹಳದಿಯಿಂದ ನಸುಗೆಂಪಿಗೆ ತಿರುಗುತ್ತದೆ. ಎರಡರಲ್ಲಿಯೂ ಚಿನ್ನವಿದೆ. ರೂಪ ಕೊಟ್ಟ ಮೇಲೆ ಒಂದು ಭಾಗವನ್ನು ಮಾತ್ರ ಮತ್ತೆ ಕುಲುಮೆಗೆ ಹಿಡಿದಾಗ ಅಲ್ಲಿ ಕೆಂಪು ಮೂಡುತ್ತದೆ. ಆದ್ದರಿಂದ ನಿಜವಾದ ತುಂಡಿನಲ್ಲಿ ಒಂದು ಬಣ್ಣ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತು ಎಂದು ಬೆರಳಿಟ್ಟು ತೋರಿಸಲಾಗದು. ಬಣ್ಣ ಬಳಿದ ಅನುಕರಣೆಯಾದರೆ ಗೀರುಗಳ ಒಳಗೆ ತಿಳಿ ಗಾಜು ಇಣುಕುತ್ತದೆ.

ಬೆಳಕನ್ನು ಹಿಂದಿನಿಂದ ಹಾಯಿಸಿ

ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಅತ್ಯಂತ ಸಂತೋಷ ಕೊಡುವ ಹಂತವಿದು. ಕಪ್ಪು ಎಂದು ತಿಳಿದ ಹೂದಾನಿಯ ಹಿಂದೆ ಟಾರ್ಚ್ ಹಿಡಿದರೆ ತೆಳುವಾದ ಅಂಚಿನಲ್ಲಿ ಗಾಢ ನೇರಳೆ ಹೊಳೆಯಬಹುದು. ಮ್ಯಾಂಗನೀಸ್ ಹೆಚ್ಚು ಬೆರೆಸಿದ ಈ ಬಗೆಗೆ ಸಂಗ್ರಹಕಾರರು ಬ್ಲ್ಯಾಕ್ ಅಮೆಥಿಸ್ಟ್ ಎನ್ನುತ್ತಾರೆ.

ಹಾಲು ಬೆರೆತಂತೆ ಕಾಣುವ ಓಪಲೆಸೆಂಟ್ ಗಾಜನ್ನು ಕಪ್ಪು ಬಟ್ಟೆಯ ಮುಂದೆ ಇಟ್ಟರೆ ನೀಲಿ ಛಾಯೆ ತೋರುತ್ತದೆ, ಹಿಂದಿನಿಂದ ಬೆಳಕು ಬಿಟ್ಟರೆ ಅದೇ ಜಾಗ ಕಿತ್ತಳೆಗೆ ತಿರುಗುತ್ತದೆ. ಗಾಜಿನೊಳಗಿನ ಅತಿ ಸೂಕ್ಷ್ಮ ಕಣಗಳು ನೀಲಿ ಬೆಳಕನ್ನು ಹೆಚ್ಚು ಚದುರಿಸಿ ಕೆಂಪನ್ನು ಹಾಯಲು ಬಿಡುತ್ತವೆ. ಆಕಾಶ ನೀಲಿಯಾಗಿ, ಸೂರ್ಯಾಸ್ತ ಕೆಂಪಾಗಿ ಕಾಣುವುದಕ್ಕೂ ಇದೇ ಬಗೆಯ ಚದುರುವಿಕೆ ಕಾರಣ. ಬಿಳಿ ಬಣ್ಣ ಬಳಿದ ಗಾಜಿನಲ್ಲಿ ಈ ಕೆಂಡದ ಛಾಯೆ ಬರುವುದಿಲ್ಲ.

ಬೆಳಕಿನ ಈ ಆಟದ ಶಿಖರ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. 4ನೇ ಶತಮಾನದ ರೋಮನ್ ಲೈಕರ್ಗಸ್ ಬಟ್ಟಲು ಮುಂದಿನಿಂದ ಬೆಳಕು ಬಿದ್ದಾಗ ಹಸಿರು, ಹಿಂದಿನಿಂದ ಬಿದ್ದಾಗ ಕೆಂಪು. ಗಾಜಿನಲ್ಲಿರುವ ಚಿನ್ನ ಮತ್ತು ಬೆಳ್ಳಿಯ ಅತಿಸೂಕ್ಷ್ಮ ಕಣಗಳೇ ಇದಕ್ಕೆ ಕಾರಣ.

ಮಿನುಗುವ ಗಾಜಿಗೆ ತಳವೇ ಸಾಕ್ಷಿ

ನೀರಿನ ಮೇಲೆ ಎಣ್ಣೆ ಹರಡಿದಂತೆ ಬಣ್ಣಬಣ್ಣವಾಗಿ ಹೊಳೆಯುವ ಕಾರ್ನಿವಲ್ ಗಾಜನ್ನು ಅಮೆರಿಕದ ಫೆಂಟನ್ ಕಂಪನಿ 1907-08ರ ಸುಮಾರಿಗೆ ಶುರುಮಾಡಿತು. ಅಚ್ಚಿನಲ್ಲಿ ಒತ್ತಿದ ಗಾಜು ಬಿಸಿಯಿರುವಾಗಲೇ ಲೋಹದ ಲವಣಗಳನ್ನು ಸಿಂಪಡಿಸಿ ಈ ಹೊಳಪು ತರುತ್ತಾರೆ. ಹೊಸಬರು ಹೊಳಪಿನ ಬಣ್ಣವನ್ನೇ ಗಾಜಿನ ಬಣ್ಣವೆಂದು ಬರೆದುಕೊಳ್ಳುತ್ತಾರೆ. ಹಾಗೆ ಮಾಡಬೇಡಿ. ತಿರುಗಿಸಿ, ಹೊಳಪು ತಾಗದ ತಳದ ಮೂಲಕ ಬೆಳಕು ಹಾಯಿಸಿ ನೋಡಿ. ಕಿತ್ತಳೆಯಾಗಿ ಕಾಣುವ ‘ಮಾರಿಗೋಲ್ಡ್’ ತುಂಡಿನ ಮೂಲ ಗಾಜು ಸಾಮಾನ್ಯವಾಗಿ ಬಣ್ಣರಹಿತವೇ ಆಗಿರುತ್ತದೆ.

ದೀಪ ಬದಲಿಸಿ

ತಂತಿ ಬಲ್ಬಿನಡಿ ತಿಳಿನೇರಳೆಯಾಗಿದ್ದ ಗಾಜು ಟ್ಯೂಬ್‌ಲೈಟಿನಡಿ ನೀಲಿಯಾದರೆ ಅದು ನಿಯೋಡಿಮಿಯಂ ಗಾಜು. ಈ ಧಾತು ಹಳದಿ ಬೆಳಕಿನ ಕಿರಿದಾದ ಪಟ್ಟಿಯೊಂದನ್ನು ಬಲವಾಗಿ ಹೀರಿಕೊಳ್ಳುತ್ತದೆ. ಟ್ಯೂಬ್‌ಲೈಟಿನ ಬೆಳಕಿನಲ್ಲಿ ಎಲ್ಲ ಬಣ್ಣಗಳೂ ಸಮನಾಗಿರುವುದಿಲ್ಲ, ಹಾಗಾಗಿ ಕಣ್ಣಿಗೆ ಉಳಿಯುವ ಬಣ್ಣ ಬೇರೆಯಾಗುತ್ತದೆ. ಬೊಹೆಮಿಯಾದ (ಇಂದಿನ ಚೆಕ್ ಗಣರಾಜ್ಯದ ಭಾಗ) ಮೋಸರ್ ಕಂಪನಿ 1920ರ ದಶಕದಲ್ಲಿ ಇದನ್ನು ‘ಅಲೆಕ್ಸಾಂಡ್ರಿಟ್’ ಎಂಬ ಹೆಸರಿನಿಂದ ಪ್ರಸಿದ್ಧಗೊಳಿಸಿತು.

ಕತ್ತಲಲ್ಲಿ ನೇರಳಾತೀತ ಟಾರ್ಚ್

ಕೋಣೆ ಪೂರ್ತಿ ಕತ್ತಲಾಗಿರಲಿ. ಟಾರ್ಚಿನ ಬೆಳಕು ಯಾರ ಕಣ್ಣಿಗೂ ಬೀಳದಿರಲಿ. ಯುರೇನಿಯಂ ಗಾಜು ಅಂಚಿನಿಂದ ತಳದವರೆಗೆ ಪ್ರಖರ ಹಸಿರಾಗಿ ಬೆಳಗುತ್ತದೆ. ಒಮ್ಮೆ ನೋಡಿದವರು ಅದನ್ನು ಮರೆಯಲಾರರು. 1830ರ ದಶಕದಲ್ಲಿ ಬೊಹೆಮಿಯಾದ ರೀಡೆಲ್ ಮನೆತನದ ಗಾಜು ತಯಾರಕರು ಇಂತಹ ಹಳದಿ ಮತ್ತು ಹಸಿರು ಗಾಜುಗಳಿಗೆ ತಮ್ಮ ಮನೆಯ ಅನ್ನಾಳ ಹೆಸರನ್ನೇ ಇಟ್ಟಿದ್ದರು.

ಆದರೆ ಹಸಿರಾಗಿ ಬೆಳಗುವುದೆಲ್ಲ ಯುರೇನಿಯಂ ಅಲ್ಲ. ಗಾಜಿನ ಸಹಜ ಹಸಿರನ್ನು ಕಳೆಯಲು ಬೆರೆಸುತ್ತಿದ್ದ ಮ್ಯಾಂಗನೀಸ್ ಕೂಡ ಮಂಕಾದ ಹಸಿರು ಕೊಡುತ್ತದೆ. ಇಲ್ಲಿ ಎರಡು ಟಾರ್ಚ್‌ಗಳಿದ್ದರೆ ಒಳ್ಳೆಯದು. 365 ನ್ಯಾನೋಮೀಟರ್ ತರಂಗಾಂತರದ ಟಾರ್ಚಿನಡಿ ಕಾಣುವ ಮ್ಯಾಂಗನೀಸ್ ಹೊಳಪು 395ರಲ್ಲಿ ಬಹುಮಟ್ಟಿಗೆ ಮಾಯವಾಗುತ್ತದೆ, ಯುರೇನಿಯಂ ಎರಡರಲ್ಲಿಯೂ ಉರಿಯುತ್ತದೆ. 395ರ ಟಾರ್ಚು ಕಣ್ಣಿಗೆ ಕಾಣುವ ನೇರಳೆ ಬೆಳಕನ್ನೂ ಚೆಲ್ಲುತ್ತದೆ, ಅದರ ಪ್ರತಿಫಲನವನ್ನು ಗಾಜಿನ ಹೊಳಪೆಂದು ತಿಳಿಯಬೇಡಿ. ಹಳದಿ ಅಥವಾ ಕಿತ್ತಳೆಯಾಗಿ ಬೆಳಗಿದರೆ ಕ್ಯಾಡ್ಮಿಯಂ ಇರುವ ಸಾಧ್ಯತೆ ಹೆಚ್ಚು. ಮೇಲೆ ಹೇಳಿದ ಬರ್ಮೀಸ್ ಗಾಜಿನಲ್ಲಿ ಚಿನ್ನದ ಜೊತೆ ಯುರೇನಿಯಂ ಕೂಡ ಇರುವುದರಿಂದ ಅದೂ ಬೆಳಗಬೇಕು.

ಯುರೇನಿಯಂ ಗಾಜಿನಲ್ಲಿ ಆ ಧಾತು ಸಾಮಾನ್ಯವಾಗಿ ತೂಕದ ಶೇ 2ರಷ್ಟು ಇರುತ್ತದೆ. ಕಪಾಟಿನಲ್ಲಿ ಇಟ್ಟು ನೋಡಲು, ಕೈಯಲ್ಲಿ ಹಿಡಿಯಲು ಅಂಜಬೇಕಿಲ್ಲ. ಅದರಲ್ಲಿ ಊಟ, ಪಾನೀಯ ಮಾತ್ರ ಬೇಡ.

ವಯಸ್ಸನ್ನು ಬೇರೆಯಾಗಿ ಪರೀಕ್ಷಿಸಿ

ಬೆಳಗಿದ ಮಾತ್ರಕ್ಕೆ ಹಳೆಯದು ಎನ್ನಲಾಗದು, ಯುರೇನಿಯಂ ಗಾಜನ್ನು ಈಗಲೂ ತಯಾರಿಸುತ್ತಾರೆ. ತಳದ ಉಂಗುರವನ್ನು ಭೂತಗನ್ನಡಿಯಲ್ಲಿ ನೋಡಿ. ಬಳಕೆಯಿಂದ ಬಂದ ಗೀರುಗಳು ದಿಕ್ಕಿಲ್ಲದೆ ಹರಡಿರುತ್ತವೆ. ಎಲ್ಲವೂ ಒಂದೇ ದಿಕ್ಕಿನಲ್ಲಿದ್ದರೆ ಯಾರೋ ಮರಳು ಕಾಗದ ಉಜ್ಜಿರಬಹುದು.

ನೇರಳೆಗೆ ತಿರುಗಿದ ಹಳೆಯ ಬಾಟಲಿಗಳ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು. ಮ್ಯಾಂಗನೀಸ್ ಇರುವ ತಿಳಿ ಗಾಜು ವರ್ಷಗಟ್ಟಲೆ ಬಿಸಿಲುಂಡರೆ ನಸುನೇರಳೆಯಾಗುತ್ತದೆ. ಅದೇ ಬದಲಾವಣೆಯನ್ನು ವಿಕಿರಣದಿಂದ ಬೇಗನೆ, ಇನ್ನೂ ಗಾಢವಾಗಿ ತಂದು ಮಾರುವವರಿದ್ದಾರೆ. ಮೂಲ ತಿಳಿ ಗಾಜನ್ನು ಹೀಗೆ ಕೆಡಿಸುವುದು ನನಗೆ ಸಹಿಸಲಾಗದ ಅನ್ಯಾಯ. ಕಡುನೇರಳೆ ಕಂಡರೆ ಕೊಳ್ಳುವ ಮುನ್ನ ಎರಡು ಸಲ ಯೋಚಿಸಿ.

ಆನ್‌ಲೈನ್‌ನಲ್ಲಿ ಕೊಳ್ಳುವುದಾದರೆ ಒಂದೇ ಚಿತ್ರಕ್ಕೆ ಒಪ್ಪಬೇಡಿ. ಹಗಲು ಬೆಳಕಿನಲ್ಲಿ ಬಿಳಿ ಹಾಳೆಯ ಮೇಲಿಟ್ಟದ್ದು, ಹಿಂದಿನಿಂದ ಬೆಳಕು ಹಾಯಿಸಿದ್ದು, ತಳದ ಉಂಗುರ ಹತ್ತಿರದಿಂದ ಕಾಣುವುದು ಮತ್ತು ಕತ್ತಲಲ್ಲಿ ನೇರಳಾತೀತ ಟಾರ್ಚಿನಡಿ ತೆಗೆದದ್ದು, ಈ ನಾಲ್ಕನ್ನೂ ಕೇಳಿ. ಕೊನೆಯ ಚಿತ್ರಕ್ಕೆ ಬಳಸಿದ ಟಾರ್ಚ್ 365ರದೋ 395ರದೋ ಎಂಬುದನ್ನೂ ಕೇಳಿ ತಿಳಿದುಕೊಳ್ಳಿ.