ಗುಂಡಿಯಿಂದ ಗುಂಡಿಗೆ ಕೋಡಿ: ನಮ್ಮ ಪಾರ್ಕ್ ಹಸಿರಾದ ಬಗೆ

ಚಿತ್ರದುರ್ಗದ ನಮ್ಮ ಬಡಾವಣೆಯ ಪಾರ್ಕಿನಲ್ಲಿ ಈಗ ನಲವತ್ತೆರಡು ಮರಗಳಿವೆ. ಎರಡು ಬೇಸಿಗೆಯಿಂದ ಒಂದೇ ಒಂದು ಟ್ಯಾಂಕರ್ ನೀರು ತರಿಸಿಲ್ಲ. ಐದು ವರ್ಷದ ಹಿಂದೆ ನಾನು ಮಳೆನೀರು ಇಂಗಿಸಲು ಗುಂಡಿ ತೋಡಿಸಲು ನಿಂತಾಗ "ಮೇಷ್ಟ್ರೇ, ಸೊಳ್ಳೆ ಸಾಕಲು ಹೊರಟಿದ್ದೀರಾ?" ಎಂದವರು ಇಂದು ಸಂಜೆ ಹೊಂಗೆಯ ನೆರಳಿನಲ್ಲಿ ಕೂರುತ್ತಾರೆ. ಅದನ್ನು ನೋಡಿದಾಗಲೆಲ್ಲ ನನಗೆ ಹೆಮ್ಮೆಯಾಗುತ್ತದೆ.

ಜಾಗ ಹೆಚ್ಚು ಕಡಿಮೆ ಅರ್ಧ ಎಕರೆ. ಪಡುವಣದಿಂದ ಮೂಡಣಕ್ಕೆ ಇಳಿಜಾರು. ಅರ್ಧ ಅಡಿ ಕೆಳಗೆ ಬರೀ ಗರಸು, ಸಣ್ಣ ಕಲ್ಲುಚೂರಿನ ಮಣ್ಣು. ಇಂಥ ನೆಲದಲ್ಲಿ ನಾವು ಮೊದಲು ಹಾಸಿದ್ದು ಲಾನ್. ಮನೆಮನೆಯಿಂದ ಎತ್ತಿದ ದುಡ್ಡಿನಲ್ಲಿ ಒಂದೂಕಾಲು ಲಕ್ಷ ಅದಕ್ಕೇ ಹೋಯಿತು. ಕೊಳವೆಬಾವಿ ಆರುನೂರು ಅಡಿ ಇಳಿದರೂ ಬಂದದ್ದು ದೂಳು. ಅಲ್ಲಿ ಮತ್ತೊಂದು ಲಕ್ಷ. ಮಾರ್ಚಿನಿಂದ ವಾರಕ್ಕೆ ಮೂರು ಟ್ಯಾಂಕರ್, ಒಂದಕ್ಕೆ ಆರುನೂರೋ ಏಳುನೂರೋ ರೂಪಾಯಿ. ಕುಡಿಯುವ ನೀರಿಗೆ ದೂರದ ಶಾಂತಿಸಾಗರವನ್ನೂ ವಾಣಿವಿಲಾಸ ಸಾಗರವನ್ನೂ ನೆಚ್ಚಿಕೊಂಡ ಊರಿನಲ್ಲಿ ಹುಲ್ಲಿಗೆ ಟ್ಯಾಂಕರ್ ಸುರಿಯುವುದನ್ನು ಕಂಡು ಹೊಟ್ಟೆ ಉರಿಯುತ್ತಿತ್ತು. ಏಪ್ರಿಲ್ ಕೊನೆಗೆ ಹುಲ್ಲು ಹಳೆಯ ಚಾಪೆಯಂತೆ ಕೈಗೆ ಎದ್ದು ಬಂತು.

ದಾರಿ ತೋರಿದ್ದು ಕೋಟೆ. ಮೇಲೆ ಗೋಪಾಲಸ್ವಾಮಿ ಹೊಂಡ ತುಂಬಿ ಹೆಚ್ಚಾದ ನೀರು ಅಕ್ಕ-ತಂಗಿ ಹೊಂಡಕ್ಕೆ ಇಳಿಯುತ್ತದೆ, ಊರೊಳಗಿನ ಸಂತೆಹೊಂಡದವರೆಗೂ ಆ ಸಾಲು ಇದೆ. ಮಳೆ ಕಡಿಮೆಯ ಈ ನೆಲದಲ್ಲಿ ಪಾಳೆಯಗಾರರ ಕಾಲದವರು ಮಾಡಿದ್ದನ್ನು ಅರ್ಧ ಎಕರೆಯಲ್ಲಿ ಮಾಡಲಾಗದೇ ಎನ್ನಿಸಿತು. ಆರಡಿ ಉದ್ದ, ಮೂರಡಿ ಅಗಲ, ಮೊಣಕಾಲುದ್ದ ಆಳದ ಹನ್ನೊಂದು ಗುಂಡಿಗಳು. ಇಬ್ಬರು ಕೂಲಿಯವರು, ಎಂಟು ದಿನ, ಸುಮಾರು ಹನ್ನೆರಡು ಸಾವಿರ ರೂಪಾಯಿ.

ಮೊದಲ ಮಳೆಗಾಲ ಪೂರಾ ಸೋಲು. ಸಸಿಗಳನ್ನು ಗುಂಡಿಯೊಳಗೇ ನೆಟ್ಟಿದ್ದೆ. ಮೂವತ್ತರಲ್ಲಿ ಇಪ್ಪತ್ತಕ್ಕೂ ಹೆಚ್ಚು ಬೇರು ಕೊಳೆತು ಹೋದವು. ಕಿತ್ತು ನೋಡಿದರೆ ತಾಯಿಬೇರು ಕಪ್ಪಾಗಿ, ಹಿಡಿದರೆ ಸಿಪ್ಪೆ ಜಾರುತ್ತಿತ್ತು. ಮರುವರ್ಷ ತೋಡಿದ ಮಣ್ಣನ್ನೇ ಕೆಳಬದಿಗೆ ಏರಿಯಾಗಿ ಹಾಕಿ, ಆ ಏರಿಯ ಹೊರಮಗ್ಗುಲಿಗೆ ಹೊಂಗೆ, ಬೇವು, ನೇರಳೆ, ಅತ್ತಿ ನೆಟ್ಟೆ. ಬೇರು ತಾನಾಗಿ ತೇವ ಹುಡುಕಿಕೊಂಡು ಹೋಯಿತು. ಹೆಚ್ಚಾದ ನೀರು ಮುಂದಿನ ಗುಂಡಿಗೆ ಹರಿಯಲು ಒಂದೊಂದು ಗುಂಡಿಗೂ ಇಟ್ಟಿಗೆಯಗಲದ ಕೋಡಿ, ಕೋಡಿಗೆ ಚಪ್ಪಡಿಕಲ್ಲು. ಮಟ್ಟ ನೋಡಿದ್ದು ಗಾರೆಯವರ ನೀರಿನ ಪೈಪಿನಿಂದ. ಒಂದು ಕೋಡಿಗೂ ಮುಂದಿನದಕ್ಕೂ ಎಷ್ಟು ಇಳಿಕೆ ಕೊಟ್ಟೆನೆಂದು ಇಲ್ಲಿ ಬರೆಯುವುದಿಲ್ಲ. ಮೂರು ಸಲ ಮಳೆಯಲ್ಲಿ ನೆನೆದು ಕಂಡುಕೊಂಡದ್ದು. ಬೇಕಾದವರು ಬಂದು ಅಳೆದುಕೊಳ್ಳಲಿ.

ಸೊಳ್ಳೆಯ ಮಾತು: ಮೊಟ್ಟೆ ಹಾರುವ ಸೊಳ್ಳೆಯಾಗಲು ವಾರದಷ್ಟಾದರೂ ಬೇಕು. ನಮ್ಮ ಗರಸಿನಲ್ಲಿ ನೀರು ಎರಡು ದಿನ ನಿಲ್ಲುವುದಿಲ್ಲ. ಜೇಡಿ ಸಿಕ್ಕ ಒಂದು ಗುಂಡಿಯಲ್ಲಿ ಮಾತ್ರ ಐದು ದಿನ ನಿಂತಿತು, ಅದನ್ನು ಆ ವಾರವೇ ಮುಚ್ಚಿಸಿದೆ.

ನಡುವೆ ಮಡಕೆಯ ಪ್ರಯೋಗವನ್ನೂ ಮಾಡಿದೆ. ಕುಂಬಾರರಿಂದ ನಲವತ್ತು ರೂಪಾಯಿಗೊಂದರಂತೆ ಇಪ್ಪತ್ತು ಮಡಕೆ ತಂದು ಸಸಿಯ ಪಕ್ಕ ಕತ್ತಿನವರೆಗೆ ಹೂತು ನೀರು ತುಂಬಿದೆ, ಅದು ಮೆಲ್ಲಗೆ ಬೇರಿಗೆ ಜಿನುಗಲೆಂದು. ನೇರಳೆ ಅದನ್ನು ತುಂಬ ಮೆಚ್ಚಿತು. ಆದರೆ ಕ್ರಿಕೆಟ್ ಚೆಂಡು ಬಿದ್ದು ಏಳೆಂಟು ಒಡೆದವು. ಬಾಯಿಗೆ ಕರಟ ಮುಚ್ಚಿ ಮೇಲೆ ಕಲ್ಲಿಟ್ಟ ಮೇಲೆ ಉಳಿದವು ಉಳಿದವು. ಗೆದ್ದಲಿಗೆ ನಾನು ಬುಡಕ್ಕೆ ಹಾಕುವ ಪುಡಿಯನ್ನು ಇನ್ನೊಂದು ವರ್ಷ ನೋಡಿದ ಮೇಲೆ ಹೇಳುತ್ತೇನೆ.

ಮರ ಆಳೆತ್ತರ ಬಂದ ಹೊತ್ತಿಗೆ ಅಲ್ಲೊಂದು ಸಮುದಾಯ ಭವನ ಕಟ್ಟುವ ಮಾತು ಹೊರಟಿತು. ಉದ್ಯಾನ, ಆಟದ ಮೈದಾನ, ಬಯಲು ಜಾಗಗಳನ್ನು ಕಾಯುವ 1985ರ ರಾಜ್ಯ ಕಾಯ್ದೆಯ ಪ್ರತಿಯನ್ನೂ, ಬೆಂಗಳೂರಿನ ಬಡಾವಣೆಯೊಂದರಲ್ಲಿ ಪಾರ್ಕಿಗೆ ಮೀಸಲಾದ ಜಾಗವನ್ನು ಆಸ್ಪತ್ರೆಗೆ ಕೊಟ್ಟದ್ದು ತಪ್ಪೆಂದ ಸುಪ್ರೀಂ ಕೋರ್ಟಿನ 1991ರ ತೀರ್ಪನ್ನೂ ಅರ್ಜಿಯ ಜೊತೆ ಲಗತ್ತಿಸಿದೆ. ಜೆರಾಕ್ಸಿಗೆ ನೂರೈವತ್ತು ರೂಪಾಯಿ. ಮಾತು ಅಲ್ಲಿಗೇ ನಿಂತಿತು.

ಕಳೆದ ಮುಂಗಾರಿನ ಒಂದು ರಾತ್ರಿ ಟಾರ್ಚ್ ಹಿಡಿದು ಹೋದೆ. ಒಂಬತ್ತನೆಯ ಕೋಡಿ ಬಿದ್ದು ಹತ್ತನೆಯ ಗುಂಡಿಗೆ ನೀರು ಇಳಿಯುತ್ತಿತ್ತು. ಮೂಡಣ ಮೂಲೆ ಇನ್ನೂ ಬೋಳು. ಅಲ್ಲಿಗೆ ಈ ಜೂನಿನಲ್ಲಿ ಇನ್ನೆರಡು ಗುಂಡಿ ತೋಡಿಸುತ್ತೇನೆ.