ಅರವತ್ಮೂರಕ್ಕೆ ಷಟ್ಪದಿ ಹಿಡಿದೆ

ಪಡವಲಕಾಯಿ ಎದುರಿಗೇ ಇತ್ತು. ಹೆಸರು ಮಾತ್ರ ಬಾಯಿಗೆ ಬರಲಿಲ್ಲ. "ಅದು ಕೊಡಪ್ಪ, ಆ ಉದ್ದದ್ದು" ಅಂದೆ. ನನಗಾಗ 63. ಬ್ಯಾಂಕಿನಲ್ಲಿ ನೂರಾರು ಖಾತೆ ನಂಬರುಗಳನ್ನು ಬಾಯಲ್ಲೇ ಹೇಳುತ್ತಿದ್ದವನು ನಾನು. ಅವತ್ತು ರಾತ್ರಿ ನಿದ್ದೆ ಹತ್ತಲಿಲ್ಲ.

ಮೊದಲು ಡಾಕ್ಟರ ಹತ್ತಿರ ಹೋದೆ. ನೀವೂ ಹಾಗೇ ಮಾಡಿ. ಬಿ12 ಕಡಿಮೆಯಾದರೂ ಥೈರಾಯ್ಡ್ ಏರುಪೇರಾದರೂ ಮರೆವು ಬರಬಹುದು. ಕಿವಿ ಮಂದವಾದರೆ ಮಾತೇ ಸರಿಯಾಗಿ ಒಳಗೆ ಹೋಗೋದಿಲ್ಲ, ನೆನಪಿರೋದು ಹೇಗೆ? ನನಗೆ ಬಿ12 ಕಡಿಮೆ ಇತ್ತು, ಇಂಜೆಕ್ಷನ್ ಆಯಿತು. "ತಲೆಗೆ ಹೊಸ ಕೆಲಸ ಕೊಡಿ, ಗೊತ್ತಿರೋದನ್ನೇ ಮಾಡ್ತಾ ಕೂರಬೇಡಿ" ಅಂದರು.

ನಮ್ಮ ಶಿವಮೊಗ್ಗದ ಪಕ್ಕದ ಹೊಸಹಳ್ಳಿ ಗಮಕಕ್ಕೆ, ಅಂದರೆ ಕಾವ್ಯವನ್ನು ರಾಗವಾಗಿ ಓದುವುದಕ್ಕೆ ಹೆಸರಾದ ಊರು. ಅಲ್ಲಿ ಕುಮಾರವ್ಯಾಸನ ಭಾರತ ಕೇಳಿ ಬಂದವನಿಗೆ ಅದರದೇ ಛಂದಸ್ಸಾದ ಭಾಮಿನಿ ಷಟ್ಪದಿ ಬರೆಯುವ ಆಸೆ ಹುಟ್ಟಿತು. ಆರು ಸಾಲು. 1, 2, 4, 5ನೇ ಸಾಲಿಗೆ 3-4-3-4ರಂತೆ 14 ಮಾತ್ರೆ (ಅಕ್ಷರ ಹೇಳಲು ಹಿಡಿಯುವ ಹೊತ್ತಿನ ಅಳತೆ). 3 ಮತ್ತು 6ನೇ ಸಾಲಿಗೆ 3-4 ಮೂರು ಸಲ, ಕೊನೆಗೊಂದು ಗುರು, ಒಟ್ಟು 23. ಹ್ರಸ್ವ ಅಕ್ಷರ ಲಘು, ಅದಕ್ಕೆ ಒಂದು ಮಾತ್ರೆ; ದೀರ್ಘ, ಸೊನ್ನೆ ಇರುವ ಅಥವಾ ಒತ್ತಕ್ಷರದ ಹಿಂದಿನ ಅಕ್ಷರ ಗುರು, ಅದಕ್ಕೆ ಎರಡು.

"ಮಳೆಯು ನಿಂತರೂ ಮರದ ಹನಿಗಳು" ಅಂತ ಬರೆದೆ. ಬೆರಳು ಮಡಚಿ ಎಣಿಸಿದರೆ 15. ತಪ್ಪೆಲ್ಲಿ ಅಂತ ಎರಡು ದಿನ ಹುಡುಕಿದೆ. ಕೊನೆಗೆ ಗೆಳೆಯರಾದ ಮೇಷ್ಟ್ರು ಫೋನಿನಲ್ಲೇ ಕೇಳಿ, "ರೂ ದೀರ್ಘ ಅಲ್ವಾ?" ಅಂದರು. "ನಿಂತರು" ಮಾಡಿದೆ, ಸಾಲು ಕೂತಿತು.

ಎರಡನೇ ಸಾಲಿನಲ್ಲಿ ಪ್ರಾಸ ಬಂತು. ಮೊದಲ ಸಾಲು "ಮಳೆ" ಅಂತ ಶುರುವಾದ್ದರಿಂದ ಇಲ್ಲೂ ಎರಡನೇ ಅಕ್ಷರ "ಳ"ಕಾರವೇ ಆಗಬೇಕು, ಮೊದಲಕ್ಷರ ಲಘುವಾಗಿರಬೇಕು. ಎಳೆ, ತಿಳಿ, ಬಳಿ, ಹಳೆ... ವಾಕಿಂಗ್‌ನಲ್ಲಿ ಇದೇ ಕೆಲಸ. ಸಂಜೆಯವರೆಗೆ ನಿಘಂಟು ಮುಟ್ಟಬಾರದು, ಮೊಬೈಲ್ ನೋಡಬಾರದು. ಇದೊಂದೇ ನಾನು ಹಾಕಿಕೊಂಡ ನಿಯಮ, ಮುಖ್ಯವಾದದ್ದೂ ಇದೇ. ಗಿಡಕ್ಕೆ ನೀರು ಹಾಕುವಾಗ ಸಾಲು ತಾನಾಗಿ ಬಂತು: "ಇಳಿದು ಬರುತಿವೆ ನೆಲದ ಮಡಿಲಿಗೆ". ಖುಷಿಗೆ ಪೈಪ್ ಅಲ್ಲೇ ಬಿಟ್ಟು ಒಳಗೆ ಓಡಿದೆ.

ಈಗ ನನಗೆ 67. ಹೆಸರುಗಳು ಈಗಲೂ ಜಾರುತ್ತವೆ. ಆದರೆ ಗಾಬರಿಯಿಲ್ಲ. ಸುಮ್ನೆ ಬಿಟ್ಟರೆ ಸ್ವಲ್ಪ ಹೊತ್ತಿಗೆ ಬರುತ್ತವೆ ಅಂತ ಷಟ್ಪದಿಯಿಂದಲೇ ಗೊತ್ತಾಗಿದೆ. ಓದುವ ರೀತಿಯೂ ಬದಲಾಯಿತು. ಹೈಸ್ಕೂಲಿನಲ್ಲಿ ನಾನು ಪೂರಾ ಕರ್ಣನ ಪಕ್ಷ, ಕುಂತಿಯ ಮೇಲೆ ಸಿಟ್ಟು. ಈಗ ಗಂಗೆಯ ದಡಕ್ಕೆ ಅವಳು ಮಗನನ್ನು ಹುಡುಕಿಕೊಂಡು ಬರುವ ಕಡೆ ನಿಂತುಬಿಡುತ್ತೇನೆ. ಅಷ್ಟು ವರ್ಷ ಅದನ್ನು ಹೇಳದೆ ಹೇಗೆ ಬದುಕಿದಳು? ಹದಿನೈದರಲ್ಲಿ ಈ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ.

ಈ ವಾರ ಅವಳ ಮೇಲೆಯೇ ಒಂದು ಪದ್ಯ ಹಿಡಿದಿದ್ದೇನೆ. ಮೂರನೇ ಸಾಲು 21ಕ್ಕೆ ನಿಂತಿದೆ. ಕೊನೆಯ ಗುರು ಇನ್ನೂ ಸಿಕ್ಕಿಲ್ಲ.